ಮೇಲಿನ ಮಹಡಿಯ ಸೆನ್ಸರ್‌ಗಳು ಪದೇ ಪದೇ ಕಾಣೆಯಾಗುತ್ತವೆ, ಹೊಸ ಜಿಗ್‌ಬೀ ಸ್ಟಿಕ್ ಕೊಳ್ಳಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಎರಡು ಮಹಡಿಯ ಕಾಂಕ್ರೀಟ್ ಮನೆ. ಕೆಳಗೆ ಟಿವಿ ಸ್ಟ್ಯಾಂಡಿನಲ್ಲಿ ವೈಫೈ ರೂಟರ್ ಇದೆ. ಅದರ ಪಕ್ಕದಲ್ಲೇ ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನಗಳನ್ನು ನಡೆಸುವ ತಂತ್ರಾಂಶ) ಓಡಿಸುವ ಪುಟ್ಟ ಕಂಪ್ಯೂಟರ್. ಅದರ ಹಿಂದಿನ ಯುಎಸ್‌ಬಿ 3 ಪೋರ್ಟಿನಲ್ಲಿ ಜಿಗ್‌ಬೀ ಸ್ಟಿಕ್ (ಸ್ಮಾರ್ಟ್ ಸಾಧನಗಳ ಜೊತೆ ಜಿಗ್‌ಬೀ ಅನ್ನುವ ವೈರ್‌ಲೆಸ್ ವ್ಯವಸ್ಥೆಯಲ್ಲಿ ಮಾತಾಡುವ ಪುಟ್ಟ ರೇಡಿಯೋ), ಪಕ್ಕದ ಪೋರ್ಟಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಡಿಸ್ಕ್. ಸ್ಟಿಕ್ಕನ್ನು ಹೋಮ್ ಅಸಿಸ್ಟೆಂಟ್‌ಗೆ ಜೋಡಿಸಲು ಜಿಗ್‌ಬೀ2ಎಂಕ್ಯೂಟಿಟಿ ಅನ್ನುವ ತಂತ್ರಾಂಶ ಬಳಸುತ್ತೇನೆ. ಎಲ್ಲ ಸೇರಿ ಮೂವತ್ತರಷ್ಟು ಸಾಧನಗಳು: ಬಲ್ಬುಗಳೇ ಜಾಸ್ತಿ, ಉಳಿದವು ಬ್ಯಾಟರಿ ಸೆನ್ಸರ್‌ಗಳು, ಕೆಳಗೆ ಎರಡು ಸ್ಮಾರ್ಟ್ ಪ್ಲಗ್. ಕೆಳಗಿನದೆಲ್ಲ ಚೆನ್ನಾಗಿದೆ. ಮೇಲೆ ಹಿಂದಿನ ಕೋಣೆಯ ಬಾಗಿಲ ಸೆನ್ಸರ್, ಬಾತ್‌ರೂಮಿನ ತೇವಾಂಶದ ಸೆನ್ಸರ್ ಮತ್ತು ಹೊರಗೆ ಗೇಟಿನ ಸೆನ್ಸರ್ ಆಗಾಗ ಆಫ್‌ಲೈನ್ ಆಗುತ್ತವೆ. ಮೇಲೆ ಒಂದು ವೈಫೈ ರಿಪೀಟರ್ ಹಾಕಿದೆ. ಸರಿಹೋಗಲಿಲ್ಲ, ಇನ್ನೂ ಕೆಟ್ಟಿತು ಅನಿಸುತ್ತಿದೆ. ಜಿಗ್‌ಬೀ 11ನೇ ಚಾನೆಲ್‌ನಲ್ಲಿದೆ, ಎರಡೂ ದೂರ ಇರಲಿ ಅಂತ ವೈಫೈಯನ್ನು 1ಕ್ಕೆ ಇಟ್ಟಿದ್ದೇನೆ. ಈಗ ಜಾಸ್ತಿ ಪವರ್‌ನ ಸ್ಟಿಕ್ ಕೊಳ್ಳಲಾ, ಮೇಲಕ್ಕೆ ಎರಡನೇ ಸ್ಟಿಕ್ ಹಾಕಲಾ, ಇಲ್ಲಾ ಎಲ್ಲ ಬಿಟ್ಟು ಥ್ರೆಡ್ ಅನ್ನುವ ಇನ್ನೊಂದು ವೈರ್‌ಲೆಸ್ ವ್ಯವಸ್ಥೆಗೆ ಹೋಗಲಾ?

ಉತ್ತರ: ಸದ್ಯಕ್ಕೆ ಮೂರೂ ಬೇಡ. ಮನೆಗಳಿಗೆ ಇಂಥ ನೆಟ್‌ವರ್ಕ್ ಹಾಕಿಕೊಡುವುದೇ ನನ್ನ ಕೆಲಸ. ನಿಮ್ಮ ಪತ್ರದಲ್ಲಿ ನನಗೆ ಕಾಣುವುದು ಪವರ್ ಕೊರತೆ ಅಲ್ಲ. ಸ್ಟಿಕ್ ಇರುವ ಜಾಗದಲ್ಲಿ ಗದ್ದಲ ಜಾಸ್ತಿ, ಮೇಲಿನ ಮಹಡಿಗೆ ಸಂದೇಶ ದಾಟಿಸುವ ಖಾಯಂ ಸಾಧನ ಒಂದೂ ಇಲ್ಲ. ಇವೆರಡನ್ನು ಸರಿಮಾಡಿದರೆ ಒಳಗಿನ ಎರಡು ಸೆನ್ಸರ್ ಬಹುಪಾಲು ಸುಧಾರಿಸುತ್ತವೆ. ಗೇಟಿನ ಕಥೆ ಬೇರೆ, ಕೊನೆಗೆ ಹೇಳುತ್ತೇನೆ.

ಮೊದಲು ಚಾನೆಲ್ ವಿಷಯ, ಯಾಕೆಂದರೆ ಇದರಲ್ಲಿ ತುಂಬ ಜನ ಎಡವುತ್ತಾರೆ. ವೈಫೈ ಮತ್ತು ಜಿಗ್‌ಬೀ ಎರಡೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಓಡುತ್ತವೆ, ಆದರೆ ಅವುಗಳ ಚಾನೆಲ್ ನಂಬರುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಜಿಗ್‌ಬೀ ಚಾನೆಲ್‌ಗಳು 11ರಿಂದ ಶುರುವಾಗಿ 26ಕ್ಕೆ ಮುಗಿಯುತ್ತವೆ. ಅದರ 11 ಅಂದರೆ 2405 ಮೆಗಾಹರ್ಟ್ಸ್, ಪಟ್ಟಿಯ ತೀರಾ ಕೆಳತುದಿ. ವೈಫೈಯ 1ನೇ ಚಾನೆಲ್ 2412ರ ಸುತ್ತ 20 ಮೆಗಾಹರ್ಟ್ಸ್ ಅಗಲಕ್ಕೆ ಹರಡಿಕೊಂಡಿರುತ್ತದೆ, ಅಂದರೆ ಹೆಚ್ಚುಕಡಿಮೆ 2402ರಿಂದ 2422. ಈಗ ಲೆಕ್ಕ ಹಾಕಿ. ನೀವು ಎರಡನ್ನೂ ದೂರ ಇಡಲು ಹೋಗಿ ಸರಿಯಾಗಿ ಒಂದರ ಮೇಲೊಂದು ಕೂರಿಸಿದ್ದೀರಿ. ತಪ್ಪು ನಿಮ್ಮದಲ್ಲ, ಹೀಗೆ ನಂಬರ್ ಕೊಟ್ಟವರದು.

ಜಿಗ್‌ಬೀಯ 11ರಿಂದ 14 ವೈಫೈ 1ರ ಅಡಿಯಲ್ಲಿ ಬರುತ್ತವೆ. 16ರಿಂದ 19 ವೈಫೈ 6ರ ಅಡಿಯಲ್ಲಿ, 21ರಿಂದ 24 ವೈಫೈ 11ರ ಅಡಿಯಲ್ಲಿ. ನಡುವಿನ ಸಂದಿಯಲ್ಲಿ ಉಳಿಯುವುದು 15, 20, ಮತ್ತೆ ಆಚೆ ತುದಿಯ 25, 26. ಇದನ್ನು ಓದಿದ ಕೂಡಲೇ ಜಿಗ್‌ಬೀಯನ್ನು 25ಕ್ಕೆ ಬದಲಾಯಿಸಲು ಕೈ ಹಾಕಬೇಡಿ. ಜಿಗ್‌ಬೀ ಚಾನೆಲ್ ಬದಲಿಸಿದರೆ ಕೆಲವು ಸಾಧನಗಳು ತಾವಾಗಿಯೇ ಹಿಂದೆ ಬರುತ್ತವೆ, ಕೆಲವು ಬರುವುದಿಲ್ಲ. ಅದರಲ್ಲೂ ನಿದ್ದೆಯಲ್ಲಿರುವ ಬ್ಯಾಟರಿ ಸೆನ್ಸರ್‌ಗಳು ಹಳೇ ಚಾನೆಲ್‌ನಲ್ಲೇ ಹುಡುಕುತ್ತಾ ಉಳಿದು, ನೀವು ಏಣಿ ಹತ್ತಿ ಒಂದೊಂದನ್ನೇ ರೀಸೆಟ್ ಮಾಡಬೇಕಾಗುತ್ತದೆ. ವೈಫೈ ಬದಲಾಯಿಸುವುದಕ್ಕೆ ಆ ಕಷ್ಟ ಇಲ್ಲ. ರೂಟರ್ ಸೆಟ್ಟಿಂಗ್‌ಗೆ ಹೋಗಿ 2.4ರ ಚಾನೆಲ್ ಅನ್ನು 11ಕ್ಕೆ ಹಾಕಿ, ‘ಆಟೋ’ ತೆಗೆದುಬಿಡಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಫೋನು, ಲ್ಯಾಪ್‌ಟಾಪ್ ತಾವಾಗಿಯೇ ಹೊಸ ಚಾನೆಲ್‌ಗೆ ಬರುತ್ತವೆ. 40 ಮೆಗಾಹರ್ಟ್ಸ್ ಇಟ್ಟುಕೊಂಡರೆ ಈ ಪಟ್ಟಿಯ ಅರ್ಧ ಜಾಗ ವೈಫೈ ಒಂದೇ ತಿನ್ನುತ್ತದೆ, ವೇಗ ಬೇಕಾದ್ದಕ್ಕೆ 5 ಗಿಗಾಹರ್ಟ್ಸ್ ಇದ್ದೇ ಇದೆಯಲ್ಲ. ಒಂದೇ ಎಚ್ಚರಿಕೆ: ಅಕ್ಕಪಕ್ಕದ ಮನೆಯವರ ವೈಫೈಗಳೂ 1ರಲ್ಲೇ ಜೋರಾಗಿ ಇದ್ದರೆ ಈ ಬದಲಾವಣೆಯಿಂದ ಅರ್ಧ ಲಾಭ ಅಷ್ಟೇ. ಫೋನಿನಲ್ಲಿ ವೈಫೈ ಸ್ಕ್ಯಾನ್ ಮಾಡುವ ಯಾವುದಾದರೂ ಆಪ್ ಹಾಕಿಕೊಂಡು ಮೇಲೂ ಕೆಳಗೂ ಒಂದು ಸುತ್ತು ಹಾಕಿ ನೋಡಿ.

ರಿಪೀಟರ್ ಹಾಕಿದ ಮೇಲೆ ಇನ್ನೂ ಕೆಟ್ಟಿತು ಅಂದಿರಲ್ಲ, ಅದು ಬರೀ ಅನಿಸಿಕೆ ಇರಲಾರದು. ವೈಫೈ ರಿಪೀಟರ್ ವೈಫೈಯನ್ನು ಮಾತ್ರ ದಾಟಿಸುತ್ತದೆ, ಜಿಗ್‌ಬೀಗೆ ಅದರಿಂದ ಒಂದಿಷ್ಟೂ ಉಪಯೋಗ ಇಲ್ಲ. ಜೊತೆಗೆ, ಸಾಮಾನ್ಯ ರಿಪೀಟರ್‌ಗಳು ಮುಖ್ಯ ರೂಟರ್ ಯಾವ ಚಾನೆಲ್‌ನಲ್ಲಿದೆಯೋ ಅದರಲ್ಲೇ ಮಾತಾಡುತ್ತವೆ, ಪ್ರತಿ ಮಾತನ್ನೂ ಎರಡೆರಡು ಸಲ ಕಳಿಸುತ್ತವೆ. ಅಂದರೆ ಮೊದಲು ಕೆಳಗೆ ಮಾತ್ರ ಇದ್ದ ವೈಫೈ 1ರ ಗದ್ದಲವನ್ನು ನೀವು ಮೇಲೆ, ಅದೂ ಬಡಪಾಯಿ ಸೆನ್ಸರ್‌ಗಳ ಪಕ್ಕದಲ್ಲೇ, ಇನ್ನೊಂದು ಪ್ರತಿ ಮಾಡಿ ಇಟ್ಟಿರಿ. ವೈಫೈ ರೇಡಿಯೋ 100 ಮಿಲಿವ್ಯಾಟ್‌ವರೆಗೆ ಹೋಗಬಲ್ಲದು. ಬಾಗಿಲ ಸೆನ್ಸರ್‌ನದು ಕೆಲವೇ ಮಿಲಿವ್ಯಾಟ್. ಜಿಗ್‌ಬೀ ಸಾಧನ ಮಾತಾಡುವ ಮೊದಲು ಗಾಳಿ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳುತ್ತದೆ. ಖಾಲಿ ಇಲ್ಲದಿದ್ದರೆ ಕಾಯುತ್ತದೆ, ಮತ್ತೆ ನೋಡುತ್ತದೆ, ಕೊನೆಗೆ ಸುಮ್ಮನಾಗುತ್ತದೆ. ನಿಮ್ಮ ಪರದೆಯ ಮೇಲೆ ಅದು ‘ಆಫ್‌ಲೈನ್’.

ಮೇಲೆ ವೈಫೈ ನಿಜಕ್ಕೂ ಬೇಕಿದ್ದರೆ ಕೆಳಗಿನ ರೂಟರ್‌ನಿಂದ ನೆಟ್‌ವರ್ಕ್ ಕೇಬಲ್ ಎಳೆದು ಮೇಲೆ ಆಕ್ಸೆಸ್ ಪಾಯಿಂಟ್ (ಕೇಬಲ್‌ನಿಂದ ಬಂದ ನೆಟ್‌ವರ್ಕನ್ನು ವೈಫೈಯಾಗಿ ಕೊಡುವ ಪೆಟ್ಟಿಗೆ) ಇಡುವುದು ಸರಿಯಾದ ದಾರಿ. ಕೇಬಲ್ ಆಗದಿದ್ದರೆ, ರಿಪೀಟರ್ ಎರಡೂ ಬ್ಯಾಂಡಿನದಾಗಿದ್ದರೆ, ಅದನ್ನು ರೂಟರ್‌ಗೆ 5 ಗಿಗಾಹರ್ಟ್ಸ್‌ನಲ್ಲಿ ಜೋಡಿಸಿ ಅದರ 2.4 ಅನ್ನು ಆರಿಸಿಬಿಡಿ. ಏನೂ ಆಗದಿದ್ದರೆ ಒಂದು ವಾರ ಅದರ ಪ್ಲಗ್ ಕಿತ್ತಿಟ್ಟು ಸೆನ್ಸರ್‌ಗಳು ಹೇಗಿವೆ ಅಂತ ನೋಡಿ. ಖರ್ಚಿಲ್ಲದ ಪರೀಕ್ಷೆ.

ಎರಡನೆಯದು ಸ್ಟಿಕ್ ಇರುವ ಜಾಗ. ಯುಎಸ್‌ಬಿ 3 ಪೋರ್ಟುಗಳು, ಕೇಬಲ್‌ಗಳು ಮತ್ತು ಅವಕ್ಕೆ ಸಿಕ್ಕಿಸಿದ ಡಿಸ್ಕ್‌ಗಳು ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಚೆಲ್ಲುತ್ತವೆ. ಇದು ಯಾರೋ ಹೇಳಿದ ಮಾತಲ್ಲ, ಇಂಟೆಲ್ 2012ರಲ್ಲೇ ಇದನ್ನು ಅಳೆದು ಒಂದು ತಾಂತ್ರಿಕ ಪತ್ರವನ್ನೇ ಹೊರತಂದಿತ್ತು. ಈ ಗದ್ದಲಕ್ಕೆ ಚಾನೆಲ್ ಬದಲಾವಣೆ ಮದ್ದಲ್ಲ, ಅದು ಪಟ್ಟಿಯ ಉದ್ದಕ್ಕೂ ಹರಡಿರುತ್ತದೆ. ನಿಮ್ಮಲ್ಲಿ ಸ್ಟಿಕ್ಕಿನ ಒಂದು ಬದಿ ಎಸ್‌ಎಸ್‌ಡಿ, ಇನ್ನೊಂದು ಬದಿ ರೂಟರ್, ಹಿಂದೆ ಟಿವಿಯ ಲೋಹದ ಬೆನ್ನು. ಓಡುತ್ತಿರುವ ಮಿಕ್ಸಿ ಪಕ್ಕದಲ್ಲಿ ನಿಂತುಕೊಂಡು ಮಹಡಿ ಮೇಲಿನವರ ಪಿಸುಮಾತು ಕೇಳಿಸಿಕೊಳ್ಳಿ ಅಂದ ಹಾಗಾಯಿತು.

ಇಲ್ಲೇ ‘ಜಾಸ್ತಿ ಪವರ್‌ನ ಸ್ಟಿಕ್’ ಅನ್ನುವ ಆಸೆಗೂ ಉತ್ತರ ಇದೆ. 20 ಡಿಬಿಎಂ, ಅಂದರೆ 100 ಮಿಲಿವ್ಯಾಟ್ ಸ್ಟಿಕ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಅದರ ಮಾತು ಮೇಲಿನ ಮಹಡಿಗೆ ಚೆನ್ನಾಗಿ ಕೇಳುತ್ತದೆ, ಸರಿ. ಆದರೆ ಸೆನ್ಸರ್‌ನ ಉತ್ತರ ಅದೇ ಕೆಲವು ಮಿಲಿವ್ಯಾಟ್‌ನಲ್ಲೇ ವಾಪಸ್ ಬರಬೇಕು, ಅದೇ ಗದ್ದಲದ ನಡುವೆ ಕೇಳಿಸಬೇಕು. ಸಂಭಾಷಣೆಯ ಒಂದು ಬದಿಯ ದನಿಯನ್ನು ಮಾತ್ರ ಏರಿಸಿದರೆ ಏನು ಬಂತು? ಒಳ್ಳೆ ಆಂಟೆನಾ ಎರಡೂ ಕಡೆಗೆ ಸ್ವಲ್ಪ ಸಹಾಯ ಮಾಡುತ್ತದೆ ನಿಜ, ಆದರೆ ಅದು ಗದ್ದಲವನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ.

ಮಾಡಬೇಕಾದ್ದು ಇಷ್ಟು. ಒಂದೂವರೆ ಎರಡು ಮೀಟರ್‌ನ ಶೀಲ್ಡ್ ಇರುವ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ಸಾಧ್ಯವಾದರೆ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿ, ಸ್ಟಿಕ್ಕನ್ನು ರೂಟರ್, ಎಸ್‌ಎಸ್‌ಡಿ, ಟಿವಿ ಮೂರರಿಂದಲೂ ದೂರ, ನೆಲಕ್ಕಿಂತ ಎತ್ತರದಲ್ಲಿ, ಕಪಾಟಿನ ಒಳಗಲ್ಲದೆ ಹೊರಗೆ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಪೋರ್ಟಿನ ಬಣ್ಣ ಕಪ್ಪೋ ನೀಲಿಯೋ ಅಂತ ನೋಡಿ ಯುಎಸ್‌ಬಿ 2 ಯಾವುದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ, ನೀಲಿ ಅಂದರೆ 3. ಈ ಕೇಬಲ್ ಒಂದರಿಂದಲೇ ತಿಂಗಳುಗಟ್ಟಲೆ ಕಾಡಿದ ತೊಂದರೆ ಹೋದ ಮನೆಗಳನ್ನು ನಾನು ನೋಡಿದ್ದೇನೆ. ಅಷ್ಟು ಅಗ್ಗದ ವಸ್ತುವನ್ನು ಮೊದಲು ಕೊಳ್ಳಿ ಅಂದರೆ ಯಾಕೋ ಜನರಿಗೆ ನಂಬಿಕೆಯೇ ಬರುವುದಿಲ್ಲ.

ಇನ್ನು ಮುಖ್ಯ ವಿಷಯ, ಮೆಶ್, ಅಂದರೆ ಸಾಧನಗಳು ಒಂದರ ಸಂದೇಶವನ್ನು ಇನ್ನೊಂದು ದಾಟಿಸುತ್ತಾ ಕಟ್ಟುವ ಬಲೆ. ‘ಸಾಧನ ಜಾಸ್ತಿಯಾದಷ್ಟೂ ಜಿಗ್‌ಬೀ ಗಟ್ಟಿಯಾಗುತ್ತದೆ’ ಅನ್ನುವ ಮಾತು ಅರ್ಧ ಸತ್ಯ. ಕರೆಂಟಿನಲ್ಲಿ ಓಡುವ ಸಾಧನಗಳು ಮಾತ್ರ ಬೇರೆಯವರ ಸಂದೇಶ ದಾಟಿಸುತ್ತವೆ, ಅವನ್ನು ಜಿಗ್‌ಬೀಯಲ್ಲಿ ರೂಟರ್ ಅಂತಲೇ ಕರೆಯುತ್ತಾರೆ (ನಿಮ್ಮ ವೈಫೈ ರೂಟರ್ ಬೇರೆ). ಬ್ಯಾಟರಿ ಸೆನ್ಸರ್ ದಾಟಿಸುವುದಿಲ್ಲ. ಅದು ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ, ಸ್ಟಿಕ್ಕನ್ನೋ ಹತ್ತಿರದ ಒಂದು ರೂಟರನ್ನೋ ತನ್ನ ‘ಪೇರೆಂಟ್’ ಅಂತ ಹಿಡಿದುಕೊಂಡು ಅದರ ಮೂಲಕವೇ ಮಾತಾಡುತ್ತದೆ. ಹತ್ತು ಬಾಗಿಲ ಸೆನ್ಸರ್ ಸೇರಿಸಿದರೆ ಮೆಶ್ ಒಂದಿಂಚೂ ಬೆಳೆಯುವುದಿಲ್ಲ.

ನಿಮ್ಮ ಬಲ್ಬುಗಳು ಕರೆಂಟಿನವೇ ಅಲ್ವಾ, ಅವು ದಾಟಿಸುತ್ತಿರಬೇಕಲ್ಲ ಅಂತ ಕೇಳಬಹುದು. ದಾಟಿಸುತ್ತವೆ, ಯಾರಾದರೂ ಗೋಡೆಯ ಸ್ವಿಚ್ ಆರಿಸುವವರೆಗೆ. ಮನೆಯಲ್ಲಿ ನಿಮ್ಮನ್ನು ಬಿಟ್ಟು ಮಿಕ್ಕವರೆಲ್ಲ ಮಲಗುವ ಮೊದಲು ಸ್ವಿಚ್ ಒತ್ತಿಯೇ ಒತ್ತುತ್ತಾರೆ, ಅದು ಅವರ ಹಕ್ಕು. ಆ ಕ್ಷಣಕ್ಕೆ ಆ ಬಲ್ಬನ್ನು ನೆಚ್ಚಿಕೊಂಡಿದ್ದ ಸೆನ್ಸರ್ ಅನಾಥ. ಒಳ್ಳೆಯ ಸೆನ್ಸರ್ ಆದರೆ ಸ್ವಲ್ಪ ಹೊತ್ತಿಗೆ ಬೇರೆ ಪೇರೆಂಟ್ ಹುಡುಕಿಕೊಳ್ಳುತ್ತದೆ. ಕೆಲವು ಕಂಪನಿಗಳ ಸೆನ್ಸರ್‌ಗಳು ಮೊದಲು ಹಿಡಿದ ಪೇರೆಂಟನ್ನು ಬಿಡುವುದೇ ಇಲ್ಲ, ಅದು ಸತ್ತರೂ ಅಲ್ಲೇ ಕಾಯುತ್ತವೆ. ನಿಮ್ಮ ಮನೆಯದು ರಾತ್ರಿ ಹೊತ್ತು ಜಾಸ್ತಿ ಕಾಣೆಯಾಗುತ್ತದಾ ಗಮನಿಸಿ. ಹೌದಾದರೆ ಕಾರಣ ಇದೇ ಅಂತ ಹೆಚ್ಚುಕಡಿಮೆ ಖಚಿತ. ಇನ್ನೊಂದು ವಿಷಯ, ಎಲ್ಲ ಬಲ್ಬುಗಳೂ ದಾಟಿಸುವುದಿಲ್ಲ, ಬೇಕಂತಲೇ ಆ ಕೆಲಸ ಇಲ್ಲದ ಹಾಗೆ ಮಾಡಿದ ಬಲ್ಬುಗಳೂ ಮಾರುಕಟ್ಟೆಯಲ್ಲಿವೆ. ನ್ಯೂಟ್ರಲ್ ತಂತಿ ಬೇಡದ ಗೋಡೆ ಸ್ವಿಚ್‌ಗಳೂ ಹಾಗೆಯೇ, ಕರೆಂಟಿಗೆ ಜೋಡಿಸಿದ್ದರೂ ಅವುಗಳಲ್ಲಿ ಹೆಚ್ಚಿನವು ರೂಟರ್ ಆಗುವುದಿಲ್ಲ. ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ಪ್ರತಿ ಸಾಧನದ ಮುಂದೆ ಅದು ರೂಟರಾ, ಎಂಡ್ ಡಿವೈಸಾ (ಸಂದೇಶ ದಾಟಿಸದ ಸಾಧನ) ಅಂತ ಬರೆದಿರುತ್ತದೆ, ಅದನ್ನು ನೋಡಿಕೊಂಡರೆ ಊಹೆ ಬೇಕಿಲ್ಲ.

ಹಾಗಾಗಿ ನಿಮಗೆ ಬೇಕಾಗಿರುವುದು ಯಾರೂ ಆರಿಸದ ಎರಡು ಮೂರು ರೂಟರ್‌ಗಳು. ಸ್ಮಾರ್ಟ್ ಪ್ಲಗ್ ಸಾಕು, ಅದಕ್ಕೆ ಏನೂ ಸಿಕ್ಕಿಸದಿದ್ದರೂ ಪರವಾಗಿಲ್ಲ. ಎಲ್ಲಿಡಬೇಕು ಅನ್ನುವುದರಲ್ಲಿ ಮಾತ್ರ ತಲೆ ಓಡಿಸಬೇಕು. ಎಲ್ಲರೂ ಮಾಡುವುದೇನೆಂದರೆ ಸಿಗ್ನಲ್ ಸಿಗದ ಸೆನ್ಸರ್‌ನ ಪಕ್ಕದಲ್ಲೇ ಪ್ಲಗ್ ಹಾಕುವುದು. ಅಲ್ಲಿ ಸೆನ್ಸರ್‌ಗೇ ಸ್ಟಿಕ್ ಕೇಳದಿದ್ದರೆ ಪ್ಲಗ್‌ಗೂ ಅಷ್ಟಾಗಿ ಕೇಳುವುದಿಲ್ಲ. ಸ್ಟಿಕ್ಕಿಗೂ ಸೆನ್ಸರ್‌ಗೂ ನಡುದಾರಿಯಲ್ಲಿ ಇಡಿ. ನಿಮ್ಮ ಮನೆಯಲ್ಲಿ ಆ ನಡುದಾರಿ ಮೆಟ್ಟಿಲು. ಕಬ್ಬಿಣದ ಸರಳು ತುಂಬಿದ ಛಾವಣಿಯನ್ನು ಸೀಳಿಕೊಂಡು ಹೋಗುವುದಕ್ಕಿಂತ ಮೆಟ್ಟಿಲಿನ ತೆರೆದ ಜಾಗದಿಂದ ಮೇಲೆ ಹೋಗುವುದು ರೇಡಿಯೋ ಅಲೆಗೆ ಎಷ್ಟೋ ಸುಲಭ. ಮೆಟ್ಟಿಲ ಕೆಳಗೆ ಒಂದು, ಮೇಲೆ ಹತ್ತಿದ ಕೂಡಲೇ ಒಂದು, ಹಿಂದಿನ ಕೋಣೆಗೆ ಹೋಗುವ ದಾರಿಯಲ್ಲಿ ಇನ್ನೊಂದು. ಫ್ರಿಜ್, ಅಲಮಾರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, ಅಕ್ವೇರಿಯಂ ಇವುಗಳ ಹಿಂದೆ ಮಾತ್ರ ಬೇಡ. ಲೋಹ ಅಲೆಯನ್ನು ತಡೆಯುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಬಾತ್‌ರೂಮಿನ ಸೆನ್ಸರ್ ಕನ್ನಡಿಯ ಹಿಂದಿದ್ದರೆ ಮೊದಲು ಅದನ್ನು ಬಾಗಿಲ ಕಡೆಯ ಗೋಡೆಗೆ ತನ್ನಿ.

ವಿದ್ಯುತ್ ಬಳಕೆ ಅಳೆಯುವ ಪ್ಲಗ್ ತಂದರೆ ಒಂದು ಕಿರಿಕಿರಿ ಇದೆ. ಕೆಲವು ಪ್ಲಗ್‌ಗಳು ವೋಲ್ಟೇಜ್ ಒಂದು ಕೂದಲೆಳೆ ಆಚೀಚೆ ಆದರೂ ವರದಿ ಒಪ್ಪಿಸುತ್ತವೆ. ಜಿಗ್‌ಬೀಯ ಒಟ್ಟು ವೇಗವೇ ಸೆಕೆಂಡಿಗೆ 250 ಕಿಲೋಬಿಟ್. ನಾಲ್ಕು ಬಾಯಿಬಡುಕ ಪ್ಲಗ್‌ಗಳು ಸೇರಿದರೆ ದಾರಿ ತುಂಬಿಹೋಗುತ್ತದೆ. ರಿಪೋರ್ಟಿಂಗ್ ಸೆಟ್ಟಿಂಗ್‌ನಲ್ಲಿ ಅಂತರ ಜಾಸ್ತಿ ಮಾಡಿ, ಇಲ್ಲಾ ಅಳತೆ ಇಲ್ಲದ ಸಾದಾ ಪ್ಲಗ್ ತನ್ನಿ.

ಪ್ಲಗ್ ಹಾಕಿದ ತಕ್ಷಣ ಸೆನ್ಸರ್‌ಗಳು ತಾವಾಗಿ ಅದಕ್ಕೆ ಹೋಗಿ ಸೇರಿಬಿಡುತ್ತವೆ ಅಂದುಕೊಳ್ಳಬೇಡಿ. ಒಂದು ದಿನ ಬಿಡಿ. ಆಮೇಲೂ ಹಠ ಹಿಡಿದಿರುವ ಸೆನ್ಸರನ್ನು ಮತ್ತೆ ಜೋಡಿಸಿ, ಆದರೆ ಅದು ಇರಬೇಕಾದ ಜಾಗದಲ್ಲೇ ಇಟ್ಟು ಜೋಡಿಸಿ. ಸ್ಟಿಕ್ಕಿನ ಪಕ್ಕಕ್ಕೆ ತಂದು ಜೋಡಿಸಿ ವಾಪಸ್ ಮೇಲೆ ತೆಗೆದುಕೊಂಡು ಹೋದರೆ ಅದು ಸ್ಟಿಕ್ಕನ್ನೇ ಪೇರೆಂಟ್ ಅಂದುಕೊಂಡಿರುತ್ತದೆ, ತೊಂದರೆ ಮತ್ತೆ ಮೊದಲಿಗೇ ಬಂತು. ಸಾಧನ ಸೇರಿಸಲು ಜಿಗ್‌ಬೀ2ಎಂಕ್ಯೂಟಿಟಿಯಲ್ಲಿ ‘ಪರ್ಮಿಟ್ ಜಾಯಿನ್’ ಒತ್ತುವಾಗ ಪಕ್ಕದ ಪಟ್ಟಿಯಲ್ಲಿ ಇಂಥದ್ದೇ ಸಾಧನದ ಮೂಲಕ ಅಂತ ಆರಿಸುವ ಅವಕಾಶ ಇದೆ. ಅಲ್ಲಿ ಹತ್ತಿರದ ಪ್ಲಗ್ ಆರಿಸಿ. ಹಳೆಯ ಸಾಧನವನ್ನು ಪಟ್ಟಿಯಿಂದ ಅಳಿಸುವುದು ಬೇಡ. ಅಳಿಸದೆ ಮತ್ತೆ ಜೋಡಿಸಿದರೆ ಹೆಸರು, ಆಟೋಮೇಷನ್ ಎಲ್ಲ ಹಾಗೇ ಉಳಿಯುತ್ತವೆ.

ಜಿಗ್‌ಬೀ2ಎಂಕ್ಯೂಟಿಟಿ ತೋರಿಸುವ ನೆಟ್‌ವರ್ಕ್ ನಕ್ಷೆ ನೋಡಿ ತಲೆ ಕೆಡಿಸಿಕೊಳ್ಳುವವರು ತುಂಬ ಜನ. ಅದು ಆ ಕ್ಷಣದ ಚಿತ್ರ ಅಷ್ಟೇ. ನಿದ್ದೆಯಲ್ಲಿರುವ ಸೆನ್ಸರ್‌ಗೆ ಅಲ್ಲಿ ಗೆರೆಯೇ ಇಲ್ಲದಿದ್ದರೂ ಅದು ಚೆನ್ನಾಗಿ ಕೆಲಸ ಮಾಡುತ್ತಿರಬಹುದು. ಸಂಪರ್ಕದ ಗುಣಮಟ್ಟ ಹೇಳುವ ಎಲ್‌ಕ್ಯುಐ ಅನ್ನುವ ಸಂಖ್ಯೆ 0ಯಿಂದ 255ರವರೆಗೆ ಇರುತ್ತದೆ, ಆದರೆ ಅದನ್ನು ಲೆಕ್ಕ ಹಾಕುವ ರೀತಿ ಚಿಪ್‌ನಿಂದ ಚಿಪ್‌ಗೆ ಬೇರೆ. ಒಂದು ಕಂಪನಿಯ 60, ಇನ್ನೊಂದರ 180 ಹೋಲಿಸುವುದು ವ್ಯರ್ಥ. ಅದೇ ಸಾಧನದ ನಿನ್ನೆಯ ಸಂಖ್ಯೆಗೂ ಇವತ್ತಿನದಕ್ಕೂ ಹೋಲಿಸಿ, ಅದರಲ್ಲಿ ಅರ್ಥ ಇದೆ. ಅದಕ್ಕಿಂತ ‘ಕೊನೆಯ ಸಲ ಕಂಡಿದ್ದು’ ಅನ್ನುವ ಸಮಯವೇ ನನಗೆ ಹೆಚ್ಚು ನಂಬಿಕೆಯ ಸಾಕ್ಷಿ. ಮತ್ತೆ ಆ ನಕ್ಷೆಯನ್ನು ಪದೇ ಪದೇ ಒತ್ತಬೇಡಿ, ಪ್ರತಿ ಸಲ ಎಲ್ಲ ರೂಟರ್‌ಗಳನ್ನೂ ಪ್ರಶ್ನೆ ಕೇಳಿ ನೆಟ್‌ವರ್ಕನ್ನೇ ದಣಿಸುತ್ತದೆ.

ಎರಡನೇ ಸ್ಟಿಕ್ ವಿಚಾರ. ಅದು ಮೊದಲನೆಯದಕ್ಕೆ ಬಲ ಕೊಡುವುದಿಲ್ಲ, ಬೇರೆಯದೇ ಒಂದು ನೆಟ್‌ವರ್ಕ್ ಕಟ್ಟುತ್ತದೆ. ಮೇಲಿನ ಬಲ್ಬು ಕೆಳಗಿನ ಸೆನ್ಸರ್‌ಗೆ ದಾಟಿಸಲಾರದು, ಇರುವ ಮೆಶ್ ಎರಡು ತುಂಡಾಗಿ ಎರಡೂ ಬಡವಾಗುತ್ತವೆ. ಮನೆಯಿಂದ ದೂರದಲ್ಲಿ ಇನ್ನೊಂದು ಕಟ್ಟಡ ಇದ್ದರೆ ಅದು ಸರಿ. ಸ್ಟಿಕ್ಕಿಗೆ ದುಡ್ಡು ಹಾಕಲೇಬೇಕು ಅಂತಿದ್ದರೆ ಯುಎಸ್‌ಬಿ ಬದಲು ನೆಟ್‌ವರ್ಕ್ ಕೇಬಲ್‌ನಲ್ಲಿ ಜೋಡಿಸುವ ಕೋಆರ್ಡಿನೇಟರ್ (ಸ್ಟಿಕ್ಕಿನ ಕೆಲಸವನ್ನೇ ಮಾಡುವ ಸಾಧನ) ತೆಗೆದುಕೊಳ್ಳಿ. ಕಂಪ್ಯೂಟರ್ ಎಲ್ಲೇ ಇರಲಿ, ಅದನ್ನು ಮನೆಯ ನಡುಮಧ್ಯ, ಮೆಟ್ಟಿಲ ಹತ್ತಿರ ಗೋಡೆಗೆ ಹಾಕಬಹುದು. ವೈಫೈ ಮೂಲಕ ಜೋಡಿಸುವ ಮಾದರಿಗಳೂ ಸಿಗುತ್ತವೆ, ಅವು ಬೇಡ. ವೈಫೈ ಒಂದು ಸಲ ಕಣ್ಣು ಮಿಟುಕಿಸಿದರೂ ಇಡೀ ಜಿಗ್‌ಬೀ ಬೀಳುತ್ತದೆ. ಕೋಆರ್ಡಿನೇಟರ್ ಬದಲಾಯಿಸುವ ಮೊದಲು ಜಿಗ್‌ಬೀ2ಎಂಕ್ಯೂಟಿಟಿಯ ಡೇಟಾ ಫೋಲ್ಡರನ್ನು ಪೂರ್ತಿಯಾಗಿ ಬ್ಯಾಕಪ್ ಮಾಡಿ. ಕೋಆರ್ಡಿನೇಟರ್ ಬ್ಯಾಕಪ್ ಮತ್ತು ನೆಟ್‌ವರ್ಕ್ ಕೀ ಅದರಲ್ಲೇ ಇರುತ್ತವೆ. ಹಳೆಯದೂ ಹೊಸದೂ ಒಂದೇ ಚಿಪ್ ಕುಟುಂಬದವಾದರೆ ಸಾಧನಗಳನ್ನು ಮತ್ತೆ ಜೋಡಿಸುವ ಕೆಲಸ ಬಹುಪಾಲು ತಪ್ಪುತ್ತದೆ. ಬೇರೆ ಬೇರೆ ಆದರೆ ಮೂವತ್ತನ್ನೂ ಕೈಯಾರೆ ಜೋಡಿಸುವ ಅಪಾಯ ಇಟ್ಟುಕೊಂಡೇ ಮುಂದುವರಿಯಿರಿ.

ಥ್ರೆಡ್‌ಗೆ ಹೋದರೆ ಈ ತೊಂದರೆ ಹೋಗುತ್ತದಾ? ಇಲ್ಲ. ಥ್ರೆಡ್ ಮತ್ತು ಜಿಗ್‌ಬೀ ಎರಡರ ಅಡಿಪಾಯವೂ 802.15.4 ಅನ್ನುವ ಒಂದೇ ರೇಡಿಯೋ ಮಾನದಂಡ. ಅದೇ 2.4, ಅದೇ ಚಾನೆಲ್‌ಗಳು, ಅದೇ ಕಾಂಕ್ರೀಟ್. ಅಲ್ಲೂ ಬ್ಯಾಟರಿ ಸಾಧನ ದಾಟಿಸುವುದಿಲ್ಲ, ಅಲ್ಲೂ ಖಾಯಂ ಕರೆಂಟಿನ ಸಾಧನ ಬೇಕೇ ಬೇಕು. ಥ್ರೆಡ್‌ನ ನಿಜವಾದ ಅನುಕೂಲ ಏನೆಂದರೆ ಒಂದೇ ನೆಟ್‌ವರ್ಕಿಗೆ ಹಲವು ಬಾರ್ಡರ್ ರೂಟರ್‌ಗಳನ್ನು (ಥ್ರೆಡ್ಡನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ಸಾಧನ) ಇಡಬಹುದು, ಒಂದು ಕೆಟ್ಟರೆ ಇನ್ನೊಂದು ನಡೆಸುತ್ತದೆ. ಮುಂದೆ ಹೊಸದಾಗಿ ಕೊಳ್ಳುವಾಗ ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳಿಗೆ ಒಂದೇ ಮಾನದಂಡ) ಜೊತೆ ಬರುವ ಥ್ರೆಡ್ ಸಾಧನಗಳನ್ನು ಯೋಚಿಸಿ, ಆದರೆ ಈಗಿರುವ ಮೂವತ್ತನ್ನು ಎಸೆಯಲು ಅದು ಕಾರಣ ಅಲ್ಲ. ಎಲ್ಲವನ್ನೂ ವೈಫೈಗೆ ಹಾಕುವ ಯೋಚನೆ ಬಂದರೆ ಬ್ಯಾಟರಿ ನೆನಪಿಸಿಕೊಳ್ಳಿ. ವೈಫೈ ಬಾಗಿಲ ಸೆನ್ಸರ್ ಪ್ರತಿ ಸಲ ಎದ್ದು ರೂಟರ್‌ಗೆ ಕೈಕುಲುಕಿ ಮಾತಾಡುವಷ್ಟರಲ್ಲಿ ಜಿಗ್‌ಬೀಗಿಂತ ಎಷ್ಟೋ ಪಾಲು ಜಾಸ್ತಿ ಬ್ಯಾಟರಿ ಕುಡಿಯುತ್ತದೆ.

ಇವನ್ನೆಲ್ಲ ಒಂದೇ ಭಾನುವಾರ ಮಾಡಿ ಮುಗಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಕೇಬಲ್ ಮತ್ತು ವೈಫೈ ಚಾನೆಲ್, ಆಮೇಲೆ ಎರಡು ಮೂರು ದಿನ ಸುಮ್ನೆ ಬಿಟ್ಟು ನೋಡಿ. ನಂತರ ಪ್ಲಗ್‌ಗಳು, ಸ್ಟಿಕ್ಕಿನ ಕಡೆಯಿಂದ ಶುರುಮಾಡಿ ಹೊರಕ್ಕೆ ಒಂದೊಂದಾಗಿ. ಜಿಗ್‌ಬೀ ಚಾನೆಲ್ ಬದಲಾವಣೆ ತೀರಾ ಕೊನೆಯದು. ಆಗಲೂ 26 ಬೇಡ, ಕೆಲವು ಸಾಧನಗಳು ಆ ಚಾನೆಲ್‌ನಲ್ಲಿ ಪವರ್ ತಗ್ಗಿಸುತ್ತವೆ, ಕೆಲವು ಸೇರುವುದೇ ಇಲ್ಲ. ನಿಮ್ಮ ವೈಫೈ 11ರಲ್ಲಿ ಇರುವುದರಿಂದ 15 ಅಥವಾ 20 ನೋಡಿ.

ಗೇಟು ಉಳಿಯಿತು. ಲೋಹದ ಗೇಟಿಗೆ ಅಂಟಿಸಿದ ಸೆನ್ಸರ್‌ನ ಆಂಟೆನಾ ಆ ಲೋಹದಿಂದಲೇ ಅರ್ಧ ಕುರುಡಾಗುತ್ತದೆ. ರೇಡಿಯೋ ಇರುವ ದೊಡ್ಡ ಭಾಗವನ್ನು ಕಂಬಕ್ಕೆ ಹಾಕಿ, ಆಯಸ್ಕಾಂತದ ತುಂಡನ್ನು ಮಾತ್ರ ಗೇಟಿಗೆ ಹಾಕಿ, ನಡುವೆ ಒಂದು ಪ್ಲಾಸ್ಟಿಕ್ ತುಂಡು ಕೊಡಿ. ಗೇಟಿನ ಕಡೆಗಿರುವ ಕಿಟಕಿಯ ಹತ್ತಿರ, ಮನೆಯ ಒಳಗೆ, ಒಂದು ಪ್ಲಗ್ ಇಡಿ. ಹೊರಗೆ ಮಳೆ ಬೀಳುವಲ್ಲಿ ಒಳಾಂಗಣದ ಪ್ಲಗ್ ಹಾಕುವ ಸಾಹಸ ಬೇಡ, ಅಲ್ಲಿ ಹೊಸ ಪಾಯಿಂಟ್ ಬೇಕಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಇಷ್ಟಾಗಿಯೂ ಸಿಗದಿದ್ದರೆ ಆ ಒಂದಕ್ಕೆ 1 ಗಿಗಾಹರ್ಟ್ಸ್‌ಗಿಂತ ಕೆಳಗೆ ಓಡುವ ಜೀ-ವೇವ್‌ನಂಥದ್ದನ್ನು ಯೋಚಿಸಬಹುದು, ಗೋಡೆ ದಾಟುವುದರಲ್ಲಿ ಅದು ಮೇಲು. ಅದಕ್ಕೆ ಬೇರೆ ಸ್ಟಿಕ್ ಬೇಕು, ಮತ್ತು ಅದರ ತರಂಗಾಂತರ ದೇಶದಿಂದ ದೇಶಕ್ಕೆ ಬೇರೆ ಇರುವುದರಿಂದ ನಿಮ್ಮ ದೇಶದ ಮಾದರಿಯನ್ನೇ ಕೊಳ್ಳಬೇಕು. ಗೇಟಿನವರೆಗೆ ತಂತಿ ಎಳೆಯಲು ದಾರಿ ಇದ್ದರೆ ನಾನಂತೂ ರೇಡಿಯೋ ಗೋಜಿಗೇ ಹೋಗದೆ ತಂತಿಯ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್) ಹಾಕುತ್ತೇನೆ.

ಗೇಟಿನ ಸೆನ್ಸರ್ ಬರೀ ಚಳಿಯ ಬೆಳಗಿನ ಹೊತ್ತು ಕಾಣೆಯಾಗುತ್ತಿದ್ದರೆ ಇದ್ಯಾವುದಕ್ಕೂ ಮೊದಲು ಅದರ ಬ್ಯಾಟರಿ ಬದಲಿಸಿ. ನಾಣ್ಯದಾಕಾರದ ಬ್ಯಾಟರಿಗಳು ತಂಪಿನಲ್ಲಿ ಸೋಲುತ್ತವೆ. ಪರದೆಯ ಮೇಲೆ 100 ಪ್ರತಿಶತ ಅಂತ ತೋರಿಸುತ್ತಿದ್ದರೂ ಸಂದೇಶ ಕಳಿಸುವ ಆ ಒಂದು ಕ್ಷಣದಲ್ಲಿ ಅವುಗಳ ವೋಲ್ಟೇಜ್ ಕುಸಿಯುತ್ತದೆ.